41ಸಿ ಒಂದು ವಿಸ್ತೀರ್ಣ ಹೇಳುತ್ತೆ, ಫೋನ್ ಇನ್ನೊಂದು: ಪ್ರೋಗ್ರಾಮ್ ಪರೀಕ್ಷೆ ಮಾಡೋದು ಹೇಗೆ?

ತೋಟದಮನೆ (ಸೋಮವಾರಪೇಟೆ) · ಶನಿವಾರ ಸಂಜೆ 6:40

ನಮಸ್ಕಾರ ಎಲ್ಲರಿಗೂ. ದೊಡ್ಡಪ್ಪ ಸರ್ವೆ ಕೆಲಸಕ್ಕೆ ಇಟ್ಕೊಂಡಿದ್ದ ಎಚ್‌ಪಿ-41ಸಿ ಕ್ಯಾಲ್ಕುಲೇಟರ್ ಈಗ ನನ್ನ ಹತ್ರ ಇದೆ. ಗದ್ದೆ, ತೋಟದ ಮೂಲೆಗಳ ಪೂರ್ವ-ಉತ್ತರ ಅಂಕಿ ಕೊಟ್ರೆ ವಿಸ್ತೀರ್ಣ ಹೇಳೋ ಪ್ರೋಗ್ರಾಮ್ ಒಂದನ್ನ ಅದಕ್ಕೆ ಬರೆದಿದ್ದೀನಿ. ಫೋನ್‌ನಲ್ಲಿ ಫ್ರೀ42 ಅನ್ನೋ ಕ್ಯಾಲ್ಕುಲೇಟರ್ ಆ್ಯಪ್ ಇದೆ; 41ಸಿಯ ಪ್ರೋಗ್ರಾಮ್ ಅದರಲ್ಲಿ ಹಾಗೇ ಓಡುತ್ತೆ, ಅಲ್ಲೂ ಸಾಲು ಸಾಲು ಅದನ್ನೇ ಹಾಕಿದ್ದೀನಿ.

ಸಮಸ್ಯೆ ಇದು. ತೋಡಿನ ಪಕ್ಕದ ತುಂಡಿಗೆ ಫೋನ್ ಹೇಳೋದು 7,412.6 ಚದರ ಮೀಟರ್, ಅಂದ್ರೆ 1 ಎಕರೆ 83 ಸೆಂಟ್. 41ಸಿ ಹೇಳೋದು 7,300, ಅಂದ್ರೆ 1 ಎಕರೆ 80 ಸೆಂಟ್. ಮೇಲಿನ ತೋಟಕ್ಕೆ ಫೋನ್ 12,588.2, 41ಸಿ 12,650. ಒಂದು ಕಡೆ ಕಮ್ಮಿ, ಇನ್ನೊಂದು ಕಡೆ ಜಾಸ್ತಿ. ಮೂಲೆಗಳ ಅಂಕಿ ಎರಡರಲ್ಲೂ ಒಂದೇ. ಮಳೆಗಾಲ ಪೂರ್ತಿ ಬೀರುವಿನಲ್ಲಿತ್ತು, ಬೂಷ್ಟು ಹಿಡಿದು ಒಳಗೆ ಏನಾದ್ರೂ ಕೆಟ್ಟಿರಬಹುದಾ?

ಇನ್ನೊಂದು ಮಾತು. ಕಾಫಿ ಓಟಿ (ಒಣ ಚೆರಿಯಿಂದ ಎಷ್ಟು ಬೀಜ ಸಿಗುತ್ತೆ ಅನ್ನೋದು) ಲೆಕ್ಕದ ಪ್ರೋಗ್ರಾಮ್ ಮಾಡಿ ಪಕ್ಕದ ತೋಟದವರಿಗೂ ಕೊಡೋಣ ಅಂತಿದ್ದೆ. ಇದನ್ನ ನೋಡಿದ ಮೇಲೆ ಧೈರ್ಯ ಬರ್ತಿಲ್ಲ. ಕೊಡೋ ಮುಂಚೆ ಪರೀಕ್ಷೆ ಹೇಗೆ ಮಾಡ್ತೀರಾ?

ನಾಪೋಕ್ಲು_ಮಳೆ · ಶನಿವಾರ ಸಂಜೆ 7:05

ಅಣ್ಣ, ಫೋನ್ ಇದೆಯಲ್ಲ. ಅದು ಹೇಳಿದ್ದನ್ನ ಬರ್ಕೊಳ್ಳಿ, ಹಳೇದನ್ನ ಶೋಕೇಸಲ್ಲಿ ಇಡಿ.

ತೋಟದಮನೆ · ಶನಿವಾರ ಸಂಜೆ 7:11

ಫೋನೇ ಸರಿ ಅಂತ ಯಾರು ಹೇಳಿದ್ದು?

ಹಳೇ_ಸರ್ವೇಯರ್ (ವಿರಾಜಪೇಟೆ) · ಶನಿವಾರ ರಾತ್ರಿ 8:20

ಬೂಷ್ಟು ಹಿಡಿದ ಯಂತ್ರ ಹೀಗೆ ಮಾಡೋದಿಲ್ಲ. ತೇವ ಹೋದ್ರೆ ಬಟನ್ ಒತ್ತಿದ್ದು ಹತ್ತೋದಿಲ್ಲ, ಇಲ್ಲ ಒಂದು ಸಲ ಒತ್ತಿದ್ರೆ ಎರಡು ಸಲ ಬೀಳುತ್ತೆ, ಇಲ್ಲ 'ಮೆಮೊರಿ ಲಾಸ್ಟ್' ಅಂತ ತೋರಿಸಿ ಬರೆದಿದ್ದೆಲ್ಲ ಅಳಿಸಿಬಿಡುತ್ತೆ. ಪ್ರೋಗ್ರಾಮ್ ಕೊನೆತನಕ ಓಡಿ, ನೋಡೋಕೆ ಚೆನ್ನಾಗಿರೋ ಉತ್ತರ ಕೊಟ್ಟು, ಅದು ಮಾತ್ರ 3 ಸೆಂಟ್ ತಪ್ಪಿದ್ರೆ ಕಾಯಿಲೆ ಬೇರೆ ಎಲ್ಲೋ ಇದೆ.

ಮೂಲೆಗಳ ಅಂಕಿ ಎಲ್ಲಿಂದ ತಂದ್ರಿ? ಟೇಪ್ ಹಿಡಿದು ಅಳೆದಿದ್ದಾ, ಜಿಪಿಎಸ್‌ನದ್ದಾ?

ತೋಟದಮನೆ · ಶನಿವಾರ ರಾತ್ರಿ 8:34

ಜಿಪಿಎಸ್, ಯುಟಿಎಂ ಅಂಕಿಗಳು ಸರ್, ಅಂದ್ರೆ ನಕ್ಷೆಯಲ್ಲಿ ಜಾಗವನ್ನ ಮೀಟರ್ ಲೆಕ್ಕದಲ್ಲಿ ಹೇಳೋ ಅಂಕಿ. ಪೂರ್ವ 5 ಲಕ್ಷದ 80 ಸಾವಿರ ಚಿಲ್ಲರೆ, ಉತ್ತರ 13 ಲಕ್ಷದ 70 ಸಾವಿರ ಚಿಲ್ಲರೆ.

ಬಿಟ್‌ಬೈಟ್ (ಊರು ಮಡಿಕೇರಿ, ಕೆಲಸ ಬೆಂಗಳೂರು) · ಶನಿವಾರ ರಾತ್ರಿ 9:50

ಸಿಕ್ಕಿತು. ನಿಮ್ಮ 41ಸಿ ಉತ್ತರಗಳನ್ನ ಇನ್ನೊಂದು ಸಲ ನೋಡಿ: 7,300 ಮತ್ತು 12,650. ಎರಡೂ 50ರ ಮಗ್ಗಿಯಲ್ಲಿ ಬರೋ ಸಂಖ್ಯೆ. ಅಂಕುಡೊಂಕು ತೋಟದ ವಿಸ್ತೀರ್ಣ ಎರಡು ಸಲವೂ ಇಷ್ಟು ದುಂಡಗೆ ಬಂದ್ರೆ ಅನುಮಾನ ಪಡಲೇಬೇಕು.

ಪ್ರೋಗ್ರಾಮ್ ನೋಡದೇ ಊಹೆ ಮಾಡ್ತೀನಿ. ಒಂದು ಮೂಲೆಯ ಪೂರ್ವವನ್ನ ಮುಂದಿನ ಮೂಲೆಯ ಉತ್ತರದಿಂದ ಗುಣಿಸಿ, ಅಡ್ಡ ಗುಣಲಬ್ಧವನ್ನ ಕಳೆದು, ಎಲ್ಲಾ ಕೂಡಿ, ಅರ್ಧ ಮಾಡ್ತೀರಾ. ಸೂತ್ರ ಸರಿಯಾಗೇ ಇದೆ. ಆದ್ರೆ 5,80,000ವನ್ನ 13,73,000ದಿಂದ ಗುಣಿಸಿದ್ರೆ 12 ಅಂಕಿಯ ಸಂಖ್ಯೆ ಬರುತ್ತೆ. 41ಸಿ ಇಟ್ಕೊಳ್ಳೋದು 10 ಅಂಕಿ. ಕೊನೆಯ ಎರಡು ಅಂಕಿ ಹೋಯ್ತು, ಅಂದ್ರೆ ಪ್ರತಿ ಗುಣಲಬ್ಧವೂ ಹತ್ತಿರದ ನೂರಕ್ಕೆ ರೌಂಡ್ ಆಯ್ತು. ನೂರರ ಮೊತ್ತವನ್ನ ಅರ್ಧ ಮಾಡಿದ್ರೆ 50ರ ಮಗ್ಗಿ. ಫೋನ್‌ನ ಫ್ರೀ42 ದಶಮಾಂಶ ಆವೃತ್ತಿಯಲ್ಲಿ 34 ಅಂಕಿ ಇರೋದ್ರಿಂದ ಅದೇ ಪ್ರೋಗ್ರಾಮ್ ಅಲ್ಲಿ ಆರಾಮಾಗಿ ಬದುಕ್ಕೊಂಡಿದೆ.

ಊಹೆ ಸರಿಯಾ ಅಂತ ನೋಡೋಕೆ ಉತ್ತರ ಮೊದಲೇ ಗೊತ್ತಿರೋ ತೋಟ ಬೇಕು. ನೂರು ಮೀಟರ್ ಚೌಕ, ಒಂದು ಹೆಕ್ಟೇರ್, 10,000 ಚದರ ಮೀಟರ್. ಮೊದಲ ಮೂಲೆ ಪೂರ್ವ 5,80,012.3, ಉತ್ತರ 13,73,045.7. ಎರಡನೇದು ಅಲ್ಲಿಂದ ನೂರು ಮೀಟರ್ ಪೂರ್ವಕ್ಕೆ, ಮೂರನೇದು ಅಲ್ಲಿಂದ ನೂರು ಉತ್ತರಕ್ಕೆ, ನಾಲ್ಕನೇದು ಮೊದಲನೇದರ ನೇರ ಉತ್ತರಕ್ಕೆ. ಕೈಯಲ್ಲಿ ಲೆಕ್ಕ ಹಾಕಿ ನೋಡಿದೆ. ಮೊದಲ ಗುಣಲಬ್ಧ ನಿಜಕ್ಕೂ 7,96,38,33,94,462.11, 41ಸಿ ಅದನ್ನ 7,96,38,33,94,500 ಅಂತ ಹಿಡಿಯುತ್ತೆ. ಹೀಗೇ ಎಂಟನ್ನೂ ರೌಂಡ್ ಮಾಡ್ಕೊಂಡು ಹೋದ್ರೆ ಕೊನೆಗೆ 20,200, ಅರ್ಧ ಮಾಡಿದ್ರೆ 10,100. ನಿಮ್ಮ ಯಂತ್ರ ಕೂಡ 10,100 ಅಂದ್ರೆ ಅದು ಗಟ್ಟಿಮುಟ್ಟಾಗಿದೆ ಅಂತ ಅರ್ಥ.

ತೋಟದಮನೆ · ಶನಿವಾರ ರಾತ್ರಿ 10:15

10,100!!

ಫೋನ್‌ನಲ್ಲಿ 10,000. ಗೋಡೆಗೆ ಒರಗಿಕೊಂಡು ನಗ್ತಾ ಇದ್ದೀನಿ, ಹೆಂಡತಿ ಏನಾಯ್ತು ಅಂತ ಕೇಳ್ತಿದ್ದಾಳೆ.

ನಾಪೋಕ್ಲು_ಮಳೆ · ಭಾನುವಾರ ಬೆಳಗ್ಗೆ 7:30

ಎಲ್ಲಾ ಸರಿ. ಆದ್ರೆ ಮರದ ನೆರಳಲ್ಲಿ ಫೋನ್ ಜಿಪಿಎಸ್ ಮೂಲೆಯನ್ನೇ ಐದಾರು ಮೀಟರ್ ಆಚೀಚೆ ತೋರಿಸುತ್ತೆ. ಸಿಲ್ವರ್ ಓಕ್ ಕೆಳಗೆ ಕೇಳೋದೇ ಬೇಡ. ಅಂಥದ್ರಲ್ಲಿ 3 ಸೆಂಟ್‌ಗೆ ಯಾಕೆ ಇಷ್ಟು ತಲೆ ಕೆಡಿಸ್ಕೊಳ್ಳೋದು?

ಹಳೇ_ಸರ್ವೇಯರ್ · ಭಾನುವಾರ ಬೆಳಗ್ಗೆ 9:10

ನೀವು ಹೇಳೋದರಲ್ಲಿ ತಪ್ಪಿಲ್ಲ. ಬೇಲಿ ಜಗಳಕ್ಕೆ ಫೋನ್ ಅಂಕಿ ಹಿಡ್ಕೊಂಡು ಹೋದ್ರೆ ಯಾರೂ ಒಪ್ಪೋದಿಲ್ಲ, ಒಪ್ಪಲೂಬಾರದು. ಆದ್ರೆ ಅಳತೆಯ ತಪ್ಪು ಎಷ್ಟು ಅಂತ ಅಂದಾಜು ಹೇಳಬಹುದು. ಲೆಕ್ಕದ ತಪ್ಪು ಇದೆ ಅಂತಲೇ ಗೊತ್ತಿಲ್ಲದಿದ್ರೆ ಏನು ಹೇಳ್ತೀರಿ? ನಾಳೆ ಇದೇ ಪ್ರೋಗ್ರಾಮಿಗೆ ಟೋಟಲ್ ಸ್ಟೇಷನ್ ಅನ್ನೋ ಸರ್ವೆ ಯಂತ್ರದ ಅಂಕಿ ಹಾಕ್ತಾರೆ. ಅಳತೆ ಸೆಂಟಿಮೀಟರ್‌ಗೆ ಸರಿ ಇರುತ್ತೆ, ಉತ್ತರ ಮಾತ್ರ ನೂರು ಚದರ ಮೀಟರ್ ತಪ್ಪು.

ನಮ್ಮ ಕಾಲದಲ್ಲಿ ಮೊದಲ ಕಲ್ಲಿಗೆ 1000, 1000 ಅಂತ ನಾವೇ ಅಂಕಿ ಕೊಟ್ಟು ಶುರು ಮಾಡ್ತಿದ್ವಿ. ಮೈನಸ್ ಬರಬಾರದು, ಸಂಖ್ಯೆ ಚಿಕ್ಕದಿರಬೇಕು ಅಂತ. ನೀವೂ ಅದನ್ನೇ ಮಾಡಿ: ಮೊದಲ ಮೂಲೆಯ ಅಂಕಿಯನ್ನ ಎಲ್ಲಾ ಮೂಲೆಗಳಿಂದ ಕಳೆದು ಆಮೇಲೆ ಗುಣಿಸಿ. ಇಲ್ಲಾಂದ್ರೆ ಪ್ರತಿ ಪೂರ್ವವನ್ನ ಅದರ ಮುಂದಿನ ಮತ್ತು ಹಿಂದಿನ ಉತ್ತರಗಳ ವ್ಯತ್ಯಾಸದಿಂದ ಗುಣಿಸೋ ಸೂತ್ರ ಇದೆ, ಅದರಲ್ಲೂ ಗುಣಲಬ್ಧ ಈ ಗಾತ್ರಕ್ಕೆ ಬೆಳೆಯೋದಿಲ್ಲ.

ಬಿಟ್‌ಬೈಟ್ · ಭಾನುವಾರ ಬೆಳಗ್ಗೆ 10:40

ಸರ್ ಹೇಳಿದ್ದು ಮಾಡಿದ್ರೆ ಮುಗೀತು. ಈಗ ಪರೀಕ್ಷೆ ಹೇಗೆ ಅನ್ನೋ ಎರಡನೇ ಪ್ರಶ್ನೆಗೆ ಬರ್ತೀನಿ. ನನ್ನ ಹೊಟ್ಟೆಪಾಡೇ ಅದು.

ಸರಿ ಉತ್ತರ ಗೊತ್ತಿಲ್ಲದೇ ಇದ್ರೂ ಪ್ರೋಗ್ರಾಮನ್ನ ಹಿಡಿದು ಹಾಕಬಹುದು, ಬಹಳ ಜನ ಇದನ್ನ ಮರೀತಾರೆ. ತೋಟವನ್ನ ಎತ್ತಿ ಐವತ್ತು ಕಿಲೋಮೀಟರ್ ಆಚೆ ಇಟ್ರೂ ವಿಸ್ತೀರ್ಣ ಬದಲಾಗಬಾರದು. ಬೇರೆ ಮೂಲೆಯಿಂದ ಶುರು ಮಾಡಿದ್ರೂ ಅದೇ ಬರಬೇಕು. ಮೂಲೆಗಳನ್ನ ಉಲ್ಟಾ ಸುತ್ತಿದ್ರೆ ಚಿಹ್ನೆ ಮಾತ್ರ ಬದಲಾಗಬೇಕು; ನಿಮ್ಮ ಪ್ರೋಗ್ರಾಮ್ ಆಗ ಮೈನಸ್ ಎಕರೆ ತೋರಿಸುತ್ತಾ ನೋಡಿ. ಮಧ್ಯಕ್ಕೆ ಗೆರೆ ಎಳೆದು ಎರಡು ತುಂಡು ಮಾಡಿ ಕೂಡಿದ್ರೆ ಮೊದಲಿನದ್ದೇ ಆಗಬೇಕು. ಇದ್ಯಾವುದಕ್ಕೂ ತೋಟದ ನಿಜವಾದ ವಿಸ್ತೀರ್ಣ ಗೊತ್ತಿರಬೇಕಾಗಿಲ್ಲ. ನಿಮ್ಮ ಹಳೇ ಪ್ರೋಗ್ರಾಮ್ ಮೊದಲನೇದರಲ್ಲೇ ಬೀಳ್ತಿತ್ತು.

ಮೂರೇ ಮೂಲೆ ಕೊಟ್ಟು ನೋಡಿ, ಎರಡೇ ಕೊಟ್ಟು ನೋಡಿ. ಒಂದು ತೋಟದ ಲೆಕ್ಕ ಮುಗಿದ ತಕ್ಷಣ ಇನ್ನೊಂದನ್ನ ಶುರು ಮಾಡಿ. 41ಸಿ ಆಫ್ ಮಾಡಿದ್ರೂ ರಿಜಿಸ್ಟರ್‌ನಲ್ಲಿ (ಸಂಖ್ಯೆ ಇಡೋ ಜಾಗದಲ್ಲಿ) ಇರೋದು ಹಾಗೇ ಉಳ್ಕೊಳ್ಳುತ್ತೆ, ಮೊದಲಿನ ಮೊತ್ತ ಸೊನ್ನೆ ಮಾಡದಿದ್ರೆ ಎರಡನೇ ತೋಟದೊಳಗೆ ಮೊದಲ ತೋಟವೂ ಸೇರ್ಕೊಳ್ಳುತ್ತೆ. ಬರೆದವನಿಗೆ ಇದು ಕಾಣೋದೇ ಇಲ್ಲ, ಯಾಕಂದ್ರೆ ಅವನು ಪ್ರತಿ ಸಲ ಎಲ್ಲಾ ಅಳಿಸಿಯೇ ಶುರು ಮಾಡ್ತಾನೆ.

ಹಳೇ_ಸರ್ವೇಯರ್ · ಭಾನುವಾರ ಬೆಳಗ್ಗೆ 11:25

ಕೋನದ ಲೆಕ್ಕಕ್ಕೂ ನಾಲ್ಕು ಮಾತು ಸೇರಿಸ್ತೀನಿ. ಎರಡು ಕಲ್ಲಿನ ನಡುವಿನ ದಿಕ್ಕು ಹುಡುಕೋ ಪ್ರೋಗ್ರಾಮ್‌ಗಳಲ್ಲಿ ಹೆಚ್ಚಿನವು ಈಶಾನ್ಯ ದಿಕ್ಕಿಗೆ ಮಾತ್ರ ಪರೀಕ್ಷೆ ಆಗಿರುತ್ತವೆ. ಪೂರ್ವ ವ್ಯತ್ಯಾಸವನ್ನ ಉತ್ತರ ವ್ಯತ್ಯಾಸದಿಂದ ಭಾಗಿಸಿ ಆರ್ಕ್‌ಟ್ಯಾನ್ ತೆಗೆದ್ರೆ ನೈಋತ್ಯದ ಗೆರೆಗೂ ಈಶಾನ್ಯದ ಉತ್ತರವೇ ಬರುತ್ತೆ. ನೇರ ಪೂರ್ವಕ್ಕೆ ಹೋಗೋ ಗೆರೆ ಕೊಟ್ರೆ ಸೊನ್ನೆಯಿಂದ ಭಾಗಿಸೋಕೆ ಹೋಗಿ 'ಡೇಟಾ ಎರರ್' ಅಂತ ನಿಂತುಬಿಡುತ್ತೆ. ಅದಾದ್ರೂ ವಾಸಿ, ನಿಂತಿದ್ದು ಕಣ್ಣಿಗೆ ಕಾಣುತ್ತೆ. 41ಸಿಯಲ್ಲಿ ಆರ್-ಪಿ ಅಂತ ಆಯತದಿಂದ ಧ್ರುವೀಯಕ್ಕೆ ಬದಲಿಸೋ ಆಜ್ಞೆಯೇ ಇದೆ, ಅದನ್ನ ಬಳಸಿ, ಮೈನಸ್ ಬಂದ್ರೆ 360 ಕೂಡಿ. ನಾಲ್ಕು ದಿಕ್ಕು, ನಾಲ್ಕು ಮೂಲೆ, ಎಂಟನ್ನೂ ಓಡಿಸಿ ನೋಡದೆ ಯಾರಿಗೂ ಕೊಡಬೇಡಿ. ಪ್ರೋಗ್ರಾಮಿನ ಮೊದಲ ಸಾಲಲ್ಲೇ ಡಿಗ್ರಿ ಮೋಡ್ ಹಾಕಿ. ಮಗ ಬಂದು ರೇಡಿಯನ್‌ಗೆ ಬದಲಿಸಿ ಹೋಗಿದ್ದು ನಿಮಗೆ ಗೊತ್ತಾಗೋದಿಲ್ಲ.

ಡಿಗ್ರಿ-ಮಿನಿಟ್-ಸೆಕೆಂಡ್ ಇನ್ನೊಂದು ಕೊಳ್ಳ. ಎಚ್‌ಪಿಯಲ್ಲಿ ಚುಕ್ಕೆಯ ನಂತರದ ಎರಡು ಅಂಕಿ ಮಿನಿಟು, ಆಮೇಲಿನ ಎರಡು ಸೆಕೆಂಡು. 30.5 ಅಂತ ಒತ್ತಿದ್ರೆ 30 ಡಿಗ್ರಿ 50 ಮಿನಿಟು. 5 ಮಿನಿಟು ಬೇಕಿದ್ರೆ 30.05 ಒತ್ತಬೇಕು. ಕೆಲವು ಸಲ ತೆರೆಯ ಮೇಲೆ 29.5960 ಅಂತ ಬರುತ್ತೆ, 59 ಮಿನಿಟು 60 ಸೆಕೆಂಡು! ಒಳಗಿರೋದು 60ಕ್ಕಿಂತ ಕೂದಲೆಳೆ ಕಮ್ಮಿ, ತೋರಿಸುವಾಗ ರೌಂಡ್ ಆಗಿದೆ. ಅದನ್ನೇ ಬರ್ಕೊಂಡು ಡ್ರಾಯಿಂಗ್‌ಗೆ ಹಾಕಿದವರನ್ನ ನಾನು ನೋಡಿದ್ದೀನಿ.

ಗೋಣಿಕೊಪ್ಪ_ಲೆಕ್ಕ · ಭಾನುವಾರ ಮಧ್ಯಾಹ್ನ 1:15

30.5ರ ಕತೆ ಓದಿ ನಮ್ಮ ಮೂಟೆ ಲೆಕ್ಕ ನೆನಪಾಯ್ತು. ಕಾಫಿ ವ್ಯಾಪಾರದ ಲೆಕ್ಕ ಬರೆಯೋಳು ನಾನು. ತೋಟದಮನೆ ಅಣ್ಣ, ಓಟಿ ಪ್ರೋಗ್ರಾಮ್ ಮಾಡುವಾಗ ಇದನ್ನ ಗಮನಿಸಿ. ಗೊತ್ತಿಲ್ಲದವರಿಗೆ ಹೇಳೋದಾದ್ರೆ, 50 ಕೆಜಿ ಒಣ ಚೆರಿಯಿಂದ ಎಷ್ಟು ಕೆಜಿ ಬೀಜ ಸಿಗುತ್ತೋ ಅದೇ ಔಟ್‌ಟರ್ನ್, ಓಟಿ. ಮಾರುಕಟ್ಟೆಯಲ್ಲಿ ಒಂದು ಓಟಿಗೆ ಇಷ್ಟು ಅಂತ ದರ ಹೇಳ್ತಾರೆ. ಓಟಿ 26, ದರ 400 ಅಂತಿಟ್ಕೊಳ್ಳಿ, ಮೂಟೆಗೆ 10,400 ರೂಪಾಯಿ.

ಈಗ 37 ಮೂಟೆ 22 ಕೆಜಿ ತಂದವರಿಗೆ ಎಷ್ಟು? ಹುಡುಗರು 37.22 ಅಂತ ಒತ್ತಿ ಗುಣಿಸಿಬಿಡ್ತಾರೆ: 3,87,088. ನಿಜವಾಗಿ 22 ಕೆಜಿ ಅಂದ್ರೆ 0.44 ಮೂಟೆ. 37.44ಕ್ಕೆ 3,89,376. ಬೆಳೆಗಾರರಿಗೆ 2,288 ರೂಪಾಯಿ ಹೋಯ್ತು, ನೋಡೋಕೆ ಎರಡೂ ಒಂದೇ ಥರದ ಸಂಖ್ಯೆ.

ನಾನು ಯಾವಾಗ್ಲೂ ಇನ್ನೊಂದು ದಾರಿಯಲ್ಲಿ ಬಂದು ನೋಡ್ತೀನಿ. ಒಟ್ಟು 1,872 ಕೆಜಿ, ಅದರಲ್ಲಿ 50ಕ್ಕೆ 26ರಂತೆ 973.44 ಕೆಜಿ ಬೀಜ, ಕೆಜಿಗೆ 400ರಂತೆ 3,89,376. ಎರಡೂ ದಾರಿ ಒಂದೇ ಕಡೆ ಸೇರಬೇಕು. ಅದೇ ಸೂತ್ರವನ್ನ ಇನ್ನೊಂದು ಕ್ಯಾಲ್ಕುಲೇಟರ್‌ನಲ್ಲಿ ಒತ್ತಿ ಸರಿ ಬಂತು ಅನ್ನೋದು ಪರೀಕ್ಷೆ ಅಲ್ಲ.

ತೋಟದಮನೆ · ಭಾನುವಾರ ಮಧ್ಯಾಹ್ನ 2:02

ಅಕ್ಕ, ಮೂಟೆ ಮತ್ತು ಕೆಜಿಯನ್ನ ಬೇರೆ ಬೇರೆ ಕೇಳೋ ಹಾಗೆ ಮಾಡ್ತೀನಿ. ಎಕರೆ-ಸೆಂಟ್‌ಗೂ ಇದೇ ಗತಿ ಅಲ್ವಾ? 2 ಎಕರೆ 5 ಸೆಂಟನ್ನ ನಮ್ಮಪ್ಪ 2.5 ಅಂತಲೇ ಬರೀತಾರೆ. ಮಳೆಯೂ ಹಾಗೇ, ಒಂದು ಇಂಚು ಐದು ಸೆಂಟ್ಸ್ ಅಂದ್ರೆ 1.05.

ಬಿಟ್‌ಬೈಟ್ · ಭಾನುವಾರ ಮಧ್ಯಾಹ್ನ 3:30

ಗೋಣಿಕೊಪ್ಪ ಅಕ್ಕ ಹೇಳಿದ ಎರಡನೇ ದಾರಿಯನ್ನ ಚಿನ್ನದ ಅಕ್ಷರದಲ್ಲಿ ಬರೆದಿಡಬೇಕು. 1994ರಲ್ಲಿ ಪೆಂಟಿಯಂ ಚಿಪ್‌ನ ಭಾಗಾಕಾರದ ದೋಷ ಹೊರಬಿದ್ದಿದ್ದೂ ಹೀಗೇ. ಥಾಮಸ್ ನೈಸ್ಲಿ ಅನ್ನೋ ಗಣಿತದ ಪ್ರೊಫೆಸರ್‌ಗೆ ತಮ್ಮ ಅವಿಭಾಜ್ಯ ಸಂಖ್ಯೆಗಳ ಲೆಕ್ಕದಲ್ಲಿ ಹೊಸ ಯಂತ್ರದ ಉತ್ತರ ಉಳಿದವುಗಳ ಜೊತೆ ಹೊಂದಲಿಲ್ಲ, ಅವರು ಬೆನ್ನು ಬಿಡಲಿಲ್ಲ.

ಮೂಟೆ.ಕೆಜಿ ಅಂತಲೇ ಒತ್ತಬೇಕು ಅಂದ್ರೆ ಇನ್ನೊಂದು ಎಚ್ಚರ. 41ಸಿ ದಶಮಾಂಶದಲ್ಲೇ ಲೆಕ್ಕ ಮಾಡೋದ್ರಿಂದ 0.29ನ್ನ 100ರಿಂದ ಗುಣಿಸಿದ್ರೆ ಸರಿಯಾಗಿ 29. ಕಂಪ್ಯೂಟರ್‌ನ ಮಾಮೂಲಿ ದ್ವಿಮಾನ (ಬೈನರಿ, ಬರೀ 0 ಮತ್ತು 1ರ) ಲೆಕ್ಕದಲ್ಲಿ ಅದು 28.999999999999996. ಪೂರ್ಣಾಂಕ ಭಾಗ ತೆಗೆದ್ರೆ 28, ಒಂದು ಕೆಜಿ ಮಾಯ. ಫ್ರೀ42ನಲ್ಲೂ ಬೈನರಿ, ಡೆಸಿಮಲ್ ಅಂತ ಎರಡು ಆವೃತ್ತಿ ಇವೆ. 41ಸಿಗೆ ಬರೆದಿದ್ದನ್ನ ಫೋನಿನಲ್ಲಿ ಪರೀಕ್ಷೆ ಮಾಡೋದಾದ್ರೆ ಡೆಸಿಮಲ್ ತಗೊಳ್ಳಿ. ಆದ್ರೂ ಅಂಕಿಗಳ ಸಂಖ್ಯೆ ಬೇರೆ, ಅದು ನಿನ್ನೆಯೇ ಗೊತ್ತಾಯ್ತಲ್ಲ. ಕೊನೆಯ ಪರೀಕ್ಷೆ ಕೈಯಲ್ಲಿರೋ ಯಂತ್ರದ ಮೇಲೇ ಆಗಬೇಕು.

ಪೊನ್ನಂಪೇಟೆ_ವಿದ್ಯಾರ್ಥಿ · ಭಾನುವಾರ ಸಂಜೆ 5:45

ಹಾಗಾದ್ರೆ ಕ್ಯಾಲ್ಕುಲೇಟರ್‌ನದ್ದೇ ತಪ್ಪು ಅಂತ ಇರೋದೇ ಇಲ್ವಾ ಸರ್? ನಾನು ಓದಿದ ಒಂದು ಪರೀಕ್ಷೆ ಇದೆ: ಡಿಗ್ರಿ ಮೋಡ್‌ನಲ್ಲಿ 9 ಒತ್ತಿ ಸೈನ್, ಕೊಸೈನ್, ಟ್ಯಾನ್, ಆಮೇಲೆ ಅವೇ ಉಲ್ಟಾ ಆರ್ಕ್‌ಟ್ಯಾನ್, ಆರ್ಕ್‌ಕೊಸೈನ್, ಆರ್ಕ್‌ಸೈನ್. 9 ವಾಪಸ್ ಬರಬೇಕು. 41ಸಿಯಲ್ಲಿ 9.000417403 ಬರುತ್ತಂತೆ. ಇದು ಬಗ್ ಅಲ್ವಾ?

ನನ್ನ ಗೆಳೆಯನ ಕ್ಯಾಸಿಯೊದಲ್ಲಿ 11ರ ಆರನೇ ಘಾತವನ್ನ 13ರಿಂದ ಭಾಗಿಸಿದ್ರೆ ಪೈ ಇರೋ ಉತ್ತರ ಬಂತು, 156158413 ಭಾಗ 3600, ಗುಣಿಸು ಪೈ ಅಂತ! ಪೈ ಎಲ್ಲಿಂದ ಬಂತು?

ಬಿಟ್‌ಬೈಟ್ · ಭಾನುವಾರ ಸಂಜೆ 6:50

ಎರಡೂ ಒಳ್ಳೇ ಪ್ರಶ್ನೆ, ಉತ್ತರ ಬೇರೆ ಬೇರೆ. 9ರ ಸೈನ್ ಸುಮಾರು 0.156. ಅಷ್ಟು ಚಿಕ್ಕ ಡಿಗ್ರಿಯ ಕೊಸೈನ್ 0.999996ರ ಆಸುಪಾಸು, 10 ಅಂಕಿಯಲ್ಲಿ ಮೊದಲ ಐದು ಬರೀ 9. ಮಾಹಿತಿ ಅಲ್ಲೇ ಸೋರಿಹೋಯ್ತು, ವಾಪಸ್ ಬರುವಾಗ ಯಾರು ತರ್ತಾರೆ? ಪ್ರತಿ ಹೆಜ್ಜೆಯನ್ನ 10 ಅಂಕಿಗೆ ಸರಿಯಾಗಿ ರೌಂಡ್ ಮಾಡಿದ್ರೂ 9 ವಾಪಸ್ ಸಿಗೋದಿಲ್ಲ. ಹಾಗಾಗಿ ಅದು ಬಗ್ ಅಲ್ಲ. ಯಾವ ಯಂತ್ರದೊಳಗೆ ಯಾವ ಲೆಕ್ಕದ ವಿಧಾನ ಇದೆ ಅಂತ ಗುರುತು ಹಿಡಿಯೋಕೆ ಮಾತ್ರ ಆ ಪರೀಕ್ಷೆ ಚೆನ್ನಾಗಿದೆ.

ಕ್ಯಾಸಿಯೊದ್ದು ಅತಿ ಬುದ್ಧಿವಂತಿಕೆ. ದಶಮಾಂಶ ಉತ್ತರಕ್ಕೆ ಚಂದದ ರೂಪ ಹುಡುಕುವಾಗ ಪೈ ಜೊತೆಗಿನ ಒಂದು ಭಿನ್ನರಾಶಿ ಅಕಸ್ಮಾತ್ ಅಷ್ಟೂ ಅಂಕಿಗೆ ಹೊಂದಿಬಿಟ್ಟಿದೆ. ಅದನ್ನ ನಾನು ಬಗ್ ಅಂತಲೇ ಕರೀತೀನಿ.

ಯಂತ್ರದ್ದೇ ಅಪ್ಪಟ ತಪ್ಪು ಬೇಕಾ? 1972ರ ಎಚ್‌ಪಿ-35, ಜೇಬಿನಲ್ಲಿಡೋ ಮೊದಲ ಸೈಂಟಿಫಿಕ್ ಕ್ಯಾಲ್ಕುಲೇಟರ್, ಬೆಲೆ 395 ಡಾಲರ್. ಅದರಲ್ಲಿ 2.02 ಒತ್ತಿ ನ್ಯಾಚುರಲ್ ಲಾಗ್ ತೆಗೆದು ಮತ್ತೆ ಇ ಘಾತ ಒತ್ತಿದ್ರೆ 2 ಬರ್ತಿತ್ತು. ಬಾಲದ 0.02 ನಾಪತ್ತೆ. ಸಾವಿರಗಟ್ಟಲೆ ಮಾರಾಟ ಆದ ಮೇಲೆ ಗೊತ್ತಾಗಿ, ಕಂಪನಿ ಬದಲಿ ಕೊಡ್ತೀವಿ ಅಂತ ಗಿರಾಕಿಗಳಿಗೆ ತಿಳಿಸಬೇಕಾಯ್ತು. 2, 3, 10 ಅಂತ ದುಂಡು ಸಂಖ್ಯೆ ಒತ್ತಿ ನೋಡಿದವರಿಗೆ ಇದು ಜನ್ಮದಲ್ಲಿ ಸಿಕ್ತಿರಲಿಲ್ಲ. 41ಸಿಯೂ ಇದಕ್ಕೆ ಹೊರತಲ್ಲ. 1979ರಲ್ಲಿ ಬಂದ ಮೊದಲ ಕಂತಿನ ಯಂತ್ರಗಳಲ್ಲಿ ದೋಷಗಳಿದ್ದವು. ಬಳಕೆದಾರರು ಅವನ್ನೇ ಕಿಂಡಿ ಮಾಡ್ಕೊಂಡು ಕೈಪಿಡಿಯಲ್ಲಿಲ್ಲದ ಆಜ್ಞೆಗಳನ್ನ ಹುಟ್ಟಿಸಿದ್ರು, ಸಿಂಥೆಟಿಕ್ ಪ್ರೋಗ್ರಾಮಿಂಗ್ ಅಂತ ಅದಕ್ಕೆ ಹೆಸರು. ನನಗೆ ಕೇಳಿದ್ರೆ ಬಗ್‌ಗಳ ಚರಿತ್ರೆಯಲ್ಲೇ ಅತಿ ಸುಂದರ ಅಧ್ಯಾಯ ಅದು.

ಗೋಣಿಕೊಪ್ಪ_ಲೆಕ್ಕ · ಭಾನುವಾರ ರಾತ್ರಿ 8:05

ಬಡ್ಡಿ ಲೆಕ್ಕಕ್ಕೂ ಇಂಥ ಪರೀಕ್ಷೆ ಇದೆಯಾ? ಬೆಳೆಸಾಲದ ಪ್ರೋಗ್ರಾಮ್ ಮಾಡಿಕೊಡಿ ಅಂತ ಕೇಳೋರು ಬಹಳ ಇದ್ದಾರೆ.

ಬಿಟ್‌ಬೈಟ್ · ಭಾನುವಾರ ರಾತ್ರಿ 9:20

ಇದೆ ಅಕ್ಕ. ವಿಲಿಯಂ ಕಹಾನ್ ಅಂತ ಗಣಿತಜ್ಞ, ಎಚ್‌ಪಿ ಕ್ಯಾಲ್ಕುಲೇಟರ್‌ಗಳ ಲೆಕ್ಕದ ವಿಧಾನ ತಿದ್ದೋಕೆ ಸಹಾಯ ಮಾಡಿದವರು, 1989ರ ಟ್ಯೂರಿಂಗ್ ಪ್ರಶಸ್ತಿ ಅವರದ್ದು. 1983ರಲ್ಲಿ ಅವರು ಇಟ್ಟ ಲೆಕ್ಕವನ್ನ ಪೈಸೆಗೆ ಇಳಿಸಿ ಹೇಳ್ತೀನಿ. ಸೆಕೆಂಡಿಗೆ ಒಂದು ಪೈಸೆಯಂತೆ ವರ್ಷಪೂರ್ತಿ ಬ್ಯಾಂಕಿಗೆ ಹಾಕ್ತೀರಿ. ವಾರ್ಷಿಕ ಬಡ್ಡಿ ಶೇಕಡ 10, ಪ್ರತಿ ಸೆಕೆಂಡಿಗೂ ಚಕ್ರಬಡ್ಡಿ. ವರ್ಷಕ್ಕೆ 3,15,36,000 ಸೆಕೆಂಡು. ಕೊನೆಗೆ ಎಷ್ಟಾಗುತ್ತೆ?

ಸರಿ ಉತ್ತರ 3,31,667 ರೂಪಾಯಿ 1 ಪೈಸೆ. ಪುಸ್ತಕದ ಸೂತ್ರವನ್ನ 10 ಅಂಕಿಯ ಯಂತ್ರದಲ್ಲಿ ಹಾಗೇ ಪ್ರೋಗ್ರಾಮ್ ಮಾಡಿದ್ರೆ ಬರೋದು ಸುಮಾರು 3,12,925. ಸೆಕೆಂಡಿನ ಬಡ್ಡಿ 0.000000003170979198, ಅದಕ್ಕೆ 1 ಕೂಡಿದ ತಕ್ಷಣ 1.000000003 ಆಗಿ ಉಳಿದದ್ದೆಲ್ಲ ಕತ್ತರಿಸಿಹೋಗುತ್ತೆ. ಆ ಚೂರನ್ನೇ ಮೂರು ಕೋಟಿ ಸಲ ಗುಣಿಸೋದಲ್ವಾ.

ಮಜಾ ಕೇಳಿ. ನೀವು ಹಾಕಿದ ಅಸಲೇ 3,15,360 ರೂಪಾಯಿ. ಬಡ್ಡಿ ಸೇರಿದ ಮೇಲೆ ಅಸಲಿಗಿಂತ ಕಮ್ಮಿ!

41ಸಿಯಲ್ಲಿ ಇದಕ್ಕಂತಲೇ ಎಲ್‌ಎನ್1+ಎಕ್ಸ್ ಮತ್ತು ಇ ಘಾತ ಎಕ್ಸ್ ಮೈನಸ್ 1 ಅನ್ನೋ ಎರಡು ಆಜ್ಞೆ ಇವೆ. 1 ಕೂಡೋದನ್ನೇ ತಪ್ಪಿಸ್ತವೆ.

ಗೋಣಿಕೊಪ್ಪ_ಲೆಕ್ಕ · ಭಾನುವಾರ ರಾತ್ರಿ 9:41

ಅಸಲಿಗಿಂತ ಕಮ್ಮಿ ಅಂತ ನೋಡೋಕೆ ಗಣಿತಜ್ಞ ಬೇಕಿಲ್ಲ, ನಮ್ಮ ಅಂಗಡಿ ಹುಡುಗನೂ ಹೇಳ್ತಾನೆ. ಸರಿ, ಅಂಥ ಒಂದು ಸಾಲನ್ನ ಪ್ರೋಗ್ರಾಮಿನೊಳಗೇ ಹಾಕಿಸ್ತೀನಿ: ಒಟ್ಟು ಮೊತ್ತ ಅಸಲಿಗಿಂತ ಕಮ್ಮಿ ಬಂದ್ರೆ ಉತ್ತರ ತೋರಿಸದೇ ನಿಂತುಬಿಡಬೇಕು.

ಬಿಟ್‌ಬೈಟ್ · ಭಾನುವಾರ ರಾತ್ರಿ 9:48

ನಮ್ಮ ಆಫೀಸಿಗೆ ಬನ್ನಿ ಅಕ್ಕ, ಕೆಲಸ ಕೊಡಿಸ್ತೀನಿ.

ನಾಪೋಕ್ಲು_ಮಳೆ · ಸೋಮವಾರ ಬೆಳಗ್ಗೆ 6:55

ಒಪ್ಪಿದೆ. ಫೋನಲ್ಲಿ ನಾನು ಬಳಸ್ತಿದ್ದ ವಿಸ್ತೀರ್ಣದ ಆ್ಯಪ್‌ಗೆ ಆ ನೂರು ಮೀಟರ್ ಚೌಕ ಕೊಟ್ಟೆ. 10,000 ಬಂತು. ಉಲ್ಟಾ ಸುತ್ತಿದ್ರೂ ಸರಿ ಬಂತು. ಆದ್ರೆ ಎಕರೆಗೆ ಬದಲಿಸಿದಾಗ 2 ಎಕರೆ 47 ಸೆಂಟ್ ಬದಲು 2.5 ಅಂತ ತೋರಿಸ್ತು, ಒಂದೇ ದಶಮಾಂಶ. ಇದಕ್ಕೇನಂತೀರಾ?

ಹಳೇ_ಸರ್ವೇಯರ್ · ಸೋಮವಾರ ಬೆಳಗ್ಗೆ 8:30

ಮಾರುವವರಿಗೆ ಒಳ್ಳೇ ಆ್ಯಪ್ ಅಂತೀನಿ.

ತೋಟದಮನೆ · ಸೋಮವಾರ ಸಂಜೆ 7:20

ಮೊದಲ ಮೂಲೆಯನ್ನ ಕಳೆಯೋ ಸಾಲು ಸೇರಿಸಿದೆ. ಚೌಕಕ್ಕೆ 10,000. ತೋಡಿನ ಪಕ್ಕದ ತುಂಡು 41ಸಿಯಲ್ಲೂ 7,412.6, ಮೇಲಿನ ತೋಟ 12,588.2. ಬೇರೆ ಬೇರೆ ಮೂಲೆಯಿಂದ ಶುರು ಮಾಡಿ, ಎರಡು ತುಂಡು ಮಾಡಿ ಎಲ್ಲಾ ನೋಡಿದೆ, ಹೊಂದಿಕೊಂಡಿತು. ಎರಡು ತೋಟ ಬೆನ್ನುಬೆನ್ನಿಗೆ ಓಡಿಸಿದಾಗಲೂ ಕೂಡಿಕೊಳ್ಳಲಿಲ್ಲ. ಓಟಿ ಪ್ರೋಗ್ರಾಮಲ್ಲಿ ಮೂಟೆ ಒಂದು ಸಲ, ಕೆಜಿ ಒಂದು ಸಲ ಕೇಳುತ್ತೆ. ಕೆಜಿ 50 ಅಥವಾ ಜಾಸ್ತಿ ಹೊಡೆದ್ರೆ ಮುಂದಕ್ಕೆ ಹೋಗಲ್ಲ. ಅಕ್ಕನ 37 ಮೂಟೆ 22 ಕೆಜಿಗೆ 3,89,376 ಬಂತು.

ಒಂದೇ ತೊಂದರೆ, ಬ್ಯಾಟರಿ ಕಮ್ಮಿ ಅಂತ ತೋರಿಸೋಕೆ ಶುರು ಮಾಡಿದೆ. ಪೆನ್ಸಿಲ್ ಸೆಲ್‌ಗಿಂತ ಗಿಡ್ಡ ಇದೆ ಇದರದ್ದು, ಇಲ್ಲಿ ಯಾವ ಅಂಗಡಿಯವರಿಗೂ ಗೊತ್ತಿಲ್ಲ.

ಹಳೇ_ಸರ್ವೇಯರ್ · ಸೋಮವಾರ ರಾತ್ರಿ 8:02

ಎನ್ ಸೈಜ್, ನಾಲ್ಕು ಬೇಕು. ಎಲ್‌ಆರ್1 ಅಂತ ಕೇಳಿ, ಆ ಹೆಸರಲ್ಲೇ ಆನ್‌ಲೈನ್‌ನಲ್ಲಿ ಸಿಗುತ್ತೆ. ಹಳೇ ಸೆಲ್ ತೆಗೆದು ತುಂಬಾ ಹೊತ್ತು ಹಾಗೇ ಬಿಡಬೇಡಿ, ಪ್ರೋಗ್ರಾಮ್ ಅಳಿಸಿಹೋಗುತ್ತೆ. ಅದಕ್ಕೂ ಮುಂಚೆ ಸಾಲು ಸಾಲಾಗಿ ಒಂದು ನೋಟ್‌ಬುಕ್ಕಿಗೆ ಬರ್ಕೊಳ್ಳಿ.